ದವಡೆ ನೋವು ಬರೀ ಮನಸ್ಸಿನ ಕಾಯಿಲೆಯಲ್ಲ: ಒಂದು ಸ್ಪಷ್ಟನೆ

ದವಡೆ ನೋವು ಚಿಂತೆಯಿಂದ ಮಾತ್ರ ಬರುತ್ತದೆ, ದಾದಿಯೊಬ್ಬರು ಧೈರ್ಯ ಹೇಳಿದರೆ ಸಾಕು, ವೈದ್ಯರ ಅಗತ್ಯವಿಲ್ಲ ಎಂಬ ಸಂದೇಶ ಕೊಡಗಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಅರ್ಧ ಸತ್ಯ. ಆದ್ದರಿಂದಲೇ ಹೆಚ್ಚು ಅಪಾಯಕಾರಿ.

ಕಿವಿಯ ಮುಂಭಾಗದಲ್ಲಿ ಕೆಳದವಡೆಯು ತಲೆಬುರುಡೆಯನ್ನು ಸೇರುವ ಕೀಲು, ಅದರೊಳಗಿನ ಮೃದುವಾದ ಬಿಲ್ಲೆ ಅಥವಾ ಅಗಿಯುವ ಸ್ನಾಯುಗಳು ತೊಂದರೆಗೊಳಗಾದಾಗ ನೋವು, ಕಟಕಟ ಸದ್ದು, ಬಿಗಿತ ಕಾಣಿಸಿಕೊಳ್ಳುತ್ತವೆ. ಆತಂಕದಲ್ಲಿರುವವರು ಅರಿವಿಲ್ಲದೆ ಹಲ್ಲು ಕಚ್ಚುವುದರಿಂದ ನೋವು ಹೆಚ್ಚುವುದೂ, ಆ ನೋವಿನಿಂದ ನಿದ್ದೆಗೆಟ್ಟು ಆತಂಕ ಇಮ್ಮಡಿಸುವುದೂ ನಿಜ. ಹೀಗಾಗಿ ರೋಗಿಯ ಭಯ, ನಿದ್ದೆ, ಊಟವನ್ನು ವಿಚಾರಿಸಿ, ಅಕ್ಕಿ ರೊಟ್ಟಿ ಅಗಿಯಲಾಗದವರಿಗೆ ಗಂಜಿ ಅಥವಾ ನೂಲ್‌ಪುಟ್ಟು ಸೂಚಿಸಿ, ಬಿಸಿ ಶಾಖದ ಕ್ರಮವನ್ನು ತಾಳ್ಮೆಯಿಂದ ಕಲಿಸುವ ದಾದಿಯ ಆರೈಕೆ ಬಹಳ ಬೆಲೆಯುಳ್ಳದ್ದು. ಆದರೆ ಅದು ಚಿಕಿತ್ಸೆಯ ಜೊತೆಗಿರಬೇಕಾದುದೇ ಹೊರತು ಚಿಕಿತ್ಸೆಗೆ ಬದಲಿಯಲ್ಲ. ಅಷ್ಟಕ್ಕೂ, ‘ಎಲ್ಲ ನಿಮ್ಮ ಮನಸ್ಸಿನಲ್ಲಿದೆ’ ಎಂಬ ಮಾತು ನೋವಿನಲ್ಲಿರುವವರನ್ನು ಇನ್ನಷ್ಟು ಒಂಟಿಯಾಗಿಸುತ್ತದೆ.

ಅಡಿಕೆ, ಗುಟ್ಕಾ ಜಗಿಯುವವರ ಬಾಯಿ ಕ್ರಮೇಣ ತೆರೆಯದಂತಾದರೆ ಅದು ಬಾಯಿಯ ಒಳಪದರ ಗಡುಸಾಗುವ, ಕ್ಯಾನ್ಸರಿಗೂ ತಿರುಗಬಹುದಾದ ಬೇರೆಯೇ ಕಾಯಿಲೆಯಾಗಿರಬಹುದು. ದವಡೆ ನೋವಿನೊಂದಿಗೆ ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಇದ್ದರೆ ಹೃದಯಾಘಾತದ ಶಂಕೆಯಿಂದ ತಕ್ಷಣ 108ಕ್ಕೆ ಕರೆ ಮಾಡಬೇಕು. ಉಳಿದವರು ವಿರಾಜಪೇಟೆಯ ದಂತ ವೈದ್ಯಕೀಯ ಕಾಲೇಜಿನಲ್ಲಾಗಲಿ, ಸಮೀಪದ ದಂತವೈದ್ಯರಲ್ಲಾಗಲಿ ಪರೀಕ್ಷೆ ಮಾಡಿಸಿಕೊಳ್ಳಬಹುದು.