ಪಾರ್ಕಲ್ಲಿ ಓಡಬೇಡಿ, ಅದು ಪಾರ್ಕು

ನಮ್ಮ ಲೇಔಟ್ ಪಾರ್ಕಿನ ಗೇಟಲ್ಲಿ ಒಂದು ಹಸಿರು ಬೋರ್ಡ್ ಇದೆ ಕಣ್ರೀ, ಒಳಗಿರೋ ಗಿಡಗಳಿಗಿಂತ ಅದೇ ಸೊಂಪಾಗಿ ಬೆಳೀತಿದೆ. ನಾವು ಇಲ್ಲಿಗೆ ಬಂದ ಹೊಸದರಲ್ಲಿ ಬರೀ "ಹೂ ಕೀಳಬಾರದು" ಅಂತಿತ್ತು. ಆಮೇಲೆ ನಾಯಿ ತರಬಾರದು ಬಂತು, ಚೆಂಡಾಟ ಆಡಬಾರದು ಬಂತು, ಹುಲ್ಲಿನ ಮೇಲೆ ಕಾಲಿಡಬಾರದು, ತಿಂಡಿ ತಿನ್ನಬಾರದು, ಜೋಡಿಯಾಗಿ ಕೂತು ಅಸಭ್ಯವಾಗಿ ವರ್ತಿಸಬಾರದು (ಒಬ್ಬೊಬ್ಬರೇ ಕೂತು ವರ್ತಿಸೋರಿಗೆ ವಿನಾಯ್ತಿ ಇದೆ ಅನ್ಸತ್ತೆ). ಹೋದ ತಿಂಗಳು ಕೊನೇಲಿ ಇನ್ನೊಂದು ಸಾಲು ಸೇರ್ಕೊಂಡಿದೆ: "ಓಡಬಾರದು, ಉಲ್ಟಾ ನಡೆಯಬಾರದು." ಅದರ ಪಕ್ಕದಲ್ಲೇ ಕೈ ಮುಗಿದು ನಿಂತ ಒಬ್ಬ ಮುಖಂಡರ ಫ್ಲೆಕ್ಸು, "ಆರೋಗ್ಯವೇ ಭಾಗ್ಯ" ಅಂತ.

ಹಿಂದೆ ಇಂದಿರಾನಗರದ ಒಂದು ಪಾರ್ಕಲ್ಲಿ ಇಂಥದ್ದೇ ಬೋರ್ಡ್ ಹಾಕಿದ ಫೋಟೊ ಊರೆಲ್ಲಾ ಸುತ್ತಾಡಿದಾಗ ನಾನೂ ಬಿದ್ದು ಬಿದ್ದು ನಕ್ಕು ನಾಲ್ಕು ಗ್ರೂಪಿಗೆ ಕಳ್ಸಿದ್ದೆ. ಅದರಲ್ಲಿ ಒಂದು ನಮ್ಮ ಅಸೋಸಿಯೇಷನ್ ಗ್ರೂಪು. ಅವರಿಗೆ ಅದು ಜೋಕ್ ಥರ ಕಾಣ್ಲೇ ಇಲ್ಲ, ಐಡಿಯಾ ಥರ ಕಂಡಿದೆ.

ಪ್ರೆಸಿಡೆಂಟ್ರನ್ನ ಕೇಳ್ದೆ, ಉಲ್ಟಾ ನಡೆದ್ರೆ ಏನ್ ಸಾರ್ ತೊಂದ್ರೆ ಅಂತ. "ದೇವಸ್ಥಾನದಲ್ಲಿ ಪ್ರದಕ್ಷಿಣೆ ಯಾವ ಕಡೆಯಿಂದ ಹಾಕ್ತೀರಿ?" ಅಂದ್ರು. ಇಲ್ಲಿ ನಡುವೆ ದೇವರಿಲ್ವಲ್ಲ ಸಾರ್, ಬೋರ್‌ವೆಲ್ ರೂಮಲ್ವಾ ಇರೋದು ಅಂದೆ. "ಬೇಸಿಗೇಲಿ ಬೆಂಗಳೂರಿಗೆ ಬೋರ್‌ವೆಲ್‌ಗಿಂತ ದೊಡ್ಡ ದೇವರು ಯಾವುದ್ರೀ" ಅಂದ್ಬಿಟ್ರು, ನಂಗೆ ಬಾಯಿ ಕಟ್ಟೋಯ್ತು. ಕಂಠೀರವ ಸ್ಟೇಡಿಯಂ ಟ್ರ್ಯಾಕಲ್ಲಿ, ಅಷ್ಟೇ ಯಾಕೆ ಒಲಿಂಪಿಕ್ಸಲ್ಲೂ, ಎಲ್ಲರೂ ಎಡಗೈ ಒಳಗಡೆ ಬರೋ ಹಾಗೆ, ಅಂದ್ರೆ ಅಪ್ರದಕ್ಷಿಣೆಯಾಗೇ ಓಡೋದು ಅಂತ ಹೇಳೋಣ ಅನ್ಕೊಂಡೆ, ಆದ್ರೆ ಉಸೇನ್ ಬೋಲ್ಟ್ ಇಲ್ಲಿಗೆ ಬಂದ್ರೆ ಅವನ ಮೇಲೆ ಒಂದಲ್ಲ ಎರಡು ಕೇಸು, ಓಡಿದ್ದಕ್ಕೊಂದು ಉಲ್ಟಾ ಓಡಿದ್ದಕ್ಕೊಂದು, ಯಾಕೆ ಬೇಕು ಆ ಬಡಪಾಯಿಗೆ ಅಂತ ಸುಮ್ನಾದೆ.

ಹಾಗಂತ ನಮ್ಮೋರು ಆರೋಗ್ಯಕ್ಕೆ ವಿರೋಧಿಗಳಲ್ಲ. 2015ರಿಂದ ಜೂನ್ 21 ಬಂತು ಅಂದ್ರೆ ಇಲ್ಲೇ ಶಾಮಿಯಾನ ಹಾಕಿ ಯೋಗ ದಿನ ಮಾಡ್ತಾರೆ, ಅವತ್ತು ಹುಲ್ಲಿನ ಮೇಲೆ ಕಾಲಷ್ಟೇ ಅಲ್ಲ ಇಡೀ ಮೈನೇ ಇಡಬಹುದು. ಅತಿಥಿಗಳ ಭಾಷಣ ಮುಕ್ಕಾಲು ಗಂಟೆ, ಯೋಗ ಹದಿನೈದು ನಿಮಿಷ, ಅದರಲ್ಲೂ ಶವಾಸನಕ್ಕೆ ಬಂದ ರೆಸ್ಪಾನ್ಸ್ ಬೇರೆ ಯಾವ ಆಸನಕ್ಕೂ ಬರಲ್ಲ. ಮುಗಿದ ತಕ್ಷಣ ಕೇಸರಿಬಾತು, ಉದ್ದಿನವಡೆ.

ಓಪನ್ ಜಿಮ್ಮೂ ಇದೆ. ನೀಲಿ ಹಳದಿ ಮಷೀನುಗಳು, ಉದ್ಘಾಟನೆ ಮಾಡಿದವರ ಹೆಸರಿರೋ ಕಲ್ಲು ಮಾತ್ರ ಇನ್ನೂ ಗಟ್ಟಿಯಾಗಿದೆ. ಕಾಲಿಗೆ ವ್ಯಾಯಾಮ ಕೊಡೋ ಸೀಟಲ್ಲಿ ಇಬ್ಬರು ಅಜ್ಜಿಯರು ಎದುರುಬದುರಾಗಿ ಕೂತು ಅವರೆಕಾಯಿ ಸುಲೀತಾರೆ, ನಿಜ ಹೇಳ್ಬೇಕು ಅಂದ್ರೆ ಆ ಮಷೀನಲ್ಲಿ ನಾನು ನೋಡಿದ ಒಂದೇ ಒಂದು ಉಪಯೋಗದ ಕೆಲಸ ಅದು. ಸೈಕಲ್ ಥರದ್ದರ ಮೇಲೆ ಯಾರದೋ ಟವೆಲ್ಲು ಒಣಗ್ತಿರತ್ತೆ. ಲಾಫಿಂಗ್ ಕ್ಲಬ್ಬಿಗೆ ಆರರಿಂದ ಆರೂಕಾಲು ಟೈಮ್ ಕೊಟ್ಟಿದಾರೆ, ಆರು ಹದಿನಾರಕ್ಕೆ ನಕ್ಕರೆ ವಾಚ್‌ಮನ್ ವಿಷಲ್ ಊದ್ತಾನೆ. ನಾನೊಂದ್ಸಲ ಬೋರ್ಡ್ ಓದ್ತಾ ನಕ್ಕು ಊದಿಸ್ಕೊಂಡಿದೀನಿ.

ಇನ್ನು ಹತ್ತು ಸಾವಿರ ಸ್ಟೆಪ್ಸಿನ ಭಕ್ತರು. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸೋ ಯಂತ್ರ ಮಾರೋಕೆ ಅಂತ ಅದಕ್ಕೆ "ಮಾನ್ಪೊ ಕೇ", ಅಂದ್ರೆ ಹತ್ತು ಸಾವಿರ ಹೆಜ್ಜೆ ಮೀಟರು ಅಂತ ಹೆಸರಿಡ್ತು, ಟೋಕಿಯೊ ಒಲಿಂಪಿಕ್ಸ್ ಮುಗಿದು ವರ್ಷ ಆಗಿತ್ತು, ಫಿಟ್ನೆಸ್ ಹುಚ್ಚು ಹತ್ತಿತ್ತು, ನಂಬರ್ರು ಕೇಳೋಕೂ ಚೆನ್ನಾಗಿತ್ತು. ಅದೇ ಜಾಹೀರಾತಿನ ನಂಬರ್ರು ಈಗ ನಮ್ಮ ಎದುರುಮನೆ ಅಂಕಲ್ಲಿಗೆ ಗಾಯತ್ರಿ ಮಂತ್ರ ಆಗಿದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡೋರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ಮೈ ಆಡಿಸಿ ಅನ್ನತ್ತೆ, ಅಷ್ಟೇ ಪಾಪ. ನಮ್ಮ ಅಂಕಲ್ಲು ಇನ್ನೂರು ಮೀಟರ್ ದೂರದ ಪಾರ್ಕಿಗೆ ಕಾರಲ್ಲಿ ಬರ್ತಾರೆ (ಫುಟ್‌ಪಾತಲ್ಲಿ ನಡೆಯೋಕಾಗಲ್ವಂತೆ, ಅದರ ಮೇಲೆ ಕಾರು ನಿಲ್ಸಿರ್ತಾರಂತೆ), ಫುಟ್‌ಪಾತ್ ಮೇಲೆ ಕಾರು ನಿಲ್ಸಿ ಒಳಗೆ ಹೋಗ್ತಾರೆ. ವಾಪಸ್ ಬರ್ತಾ ಗೇಟಲ್ಲಿ ಹಾಗಲಕಾಯಿ ಜ್ಯೂಸು, ಆ ಕಹಿ ಹೋಗೋಕೆ ದರ್ಶಿನಿಯಲ್ಲಿ ಮಸಾಲೆ ದೋಸೆ, ದೋಸೆ ಅರಗೋಕೆ ಬೈ ಟು ಕಾಫಿ, ಒಬ್ರೇ ಇದ್ದಾಗ ಎರಡೂ ಅವರಿಗೇ.

ನಂಗೆ ಇದೆಲ್ಲ ತಮಾಷೆನೇ, ಒಂದು ಬಿಟ್ಟು. ಮಧ್ಯಾಹ್ನ ಪಾರ್ಕಿಗೆ ಬೀಗ. 2024ರಲ್ಲಿ ಬಿಬಿಎಂಪಿ ಪಾರ್ಕುಗಳು ಬೆಳಿಗ್ಗೆ 5ರಿಂದ ರಾತ್ರಿ 10ರ ತನಕ ತೆರೆದಿರಲಿ ಅಂತ ಆದೇಶ ಆಯ್ತು, ನಮ್ಮಲ್ಲಿಗೆ ಆದೇಶ ಬಂದಿದೆ, ಬೀಗದ ಕೈಗೆ ಇನ್ನೂ ವಿಷ್ಯ ಗೊತ್ತಾಗಿಲ್ಲ. ಹೊರಗಡೆ ಡೆಲಿವರಿ ಹುಡುಗರು ಕಾಂಪೌಂಡ್ ನೆರಳಲ್ಲಿ ಬೈಕ್ ಸೀಟ್ ಮೇಲೇ ಡಬ್ಬಿ ಇಟ್ಕೊಂಡು ಊಟ ಮಾಡ್ತಿರ್ತಾರೆ, ಒಳಗೆ ಹನ್ನೆರಡು ಕಲ್ಲುಬೆಂಚು ಹೊಂಗೆ ಮರದ ಕೆಳಗೆ ಆರಾಮಾಗಿ ರೆಸ್ಟ್ ತಗೋತಿರ್ತವೆ. ಯಾಕ್ ಸಾರ್ ಅಂದ್ರೆ "ಕಂಡಕಂಡೋರು ಬಂದು ಮಲಗ್ತಾರ್ರೀ." ಬೆಳಿಗ್ಗೆ ಶವಾಸನ, ಮಧ್ಯಾಹ್ನ ಮಲಗೋದು, ಎರಡಕ್ಕೂ ವ್ಯತ್ಯಾಸ ಟ್ರ್ಯಾಕ್ ಪ್ಯಾಂಟು ಅಷ್ಟೇ.

ಮೊನ್ನೆ ಭಾನುವಾರ ಮೂರನೇ ಕ್ರಾಸಿನ ಒಂದು ಹುಡುಗ, ಏಳೆಂಟು ವರ್ಷ ಇರಬಹುದು, ಬೋರ್ಡ್ ಓದೋಕೆ ಬರತ್ತೋ ಇಲ್ವೋ, ಗೇಟ್ ದಾಟಿದ್ದೇ ಎಡಗಡೆ ತಿರುಗಿಲ್ಲ, ಬಲಗಡೆ ತಿರುಗಿ ಒಂದೇ ಓಟ. ವಾಚ್‌ಮನ್ ವಿಷಲ್ ಊದ್ಕೊಂಡು ಹಿಂದೆ ಬಿದ್ದ, ಆ ಪಾರ್ಕಲ್ಲಿ ದಿನಾ ಓಡೋನು ಅವನೊಬ್ಬನೇ, ಓಡೋರನ್ನ ಹಿಡಿಯೋಕೆ ಓಡೀ ಓಡೀ ಸೊಂಟ ಮೂವತ್ತಕ್ಕೆ ಇಳಿದಿದೆ. ಇನ್ನೇನು ಕಾಲರ್ ಸಿಗಬೇಕು, ಅಷ್ಟರಲ್ಲಿ ಬೆಂಚಿಂದ ಪ್ರೆಸಿಡೆಂಟ್ರು ಕೂಗಿದ್ರು,

"ಲೋ! ನೀನೂ ಉಲ್ಟಾ ಹೋಗ್ತಿದೀಯಲ್ಲೋ, ವಾಪಸ್ ಬಂದು ಈ ಕಡೆಯಿಂದ ನಡ್ಕೊಂಡು ಹೋಗಿ ಹಿಡಿ!"