ಅರ್ಜಿಯಲ್ಲಿ ಕೇಳಲಾಗದ್ದನ್ನು ಫೇಸ್‌ಬುಕ್‌ನಲ್ಲಿ ಓದುವವರು
ಕೆಲಸಕ್ಕೆ ಅರ್ಜಿ ಹಾಕುವ ಮುನ್ನ ಫೇಸ್‌ಬುಕ್ ಖಾತೆಯನ್ನು ಗುಡಿಸಿ ಸಾರಿಸಿಕೊಳ್ಳಿ ಎಂದು ಕಾಲೇಜುಗಳ ಪ್ಲೇಸ್‌ಮೆಂಟ್ ತರಬೇತಿಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ. ಈ ಬುದ್ಧಿಮಾತು ಪೂರ್ತಿ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಬೆಂಗಳೂರಿನ ಕಂಪನಿಯೊಂದರ ಸಂದರ್ಶನ ಸಮಿತಿಯಲ್ಲಿ ಹಲವು ವರ್ಷ ಕುಳಿತು, ಅಭ್ಯರ್ಥಿಗಳ ಖಾತೆಗಳಲ್ಲಿ ನಾನೂ ಇಣುಕಿದವನಾದ್ದರಿಂದ, ಇಣುಕುವವರನ್ನು ಬಿಟ್ಟು ಮನೆಯವರನ್ನೇ ಗದರುವ ಈ ರೀತಿ ನನಗೆ ಒಪ್ಪಿಗೆಯಾಗುವುದಿಲ್ಲ.

ಒಮ್ಮೆ ಕೊನೆಯ ಸುತ್ತಿನಲ್ಲಿ ಇಬ್ಬರು ಉಳಿದಿದ್ದರು. ಸಹೋದ್ಯೋಗಿಯೊಬ್ಬರು ಮೊಬೈಲನ್ನು ನನ್ನತ್ತ ಚಾಚಿ, "ಸರ್, ಈ ಹುಡುಗಿಗೆ ಹೋದ ತಿಂಗಳಷ್ಟೇ ನಿಶ್ಚಿತಾರ್ಥ ಆಗಿದೆ, ನೋಡಿ" ಎಂದರು. ಮದುವೆ ಯಾವಾಗ, ಆಮೇಲೆ ಊರು ಬದಲಿಸುತ್ತೀರಾ ಎಂದು ಆಕೆಯನ್ನು ಎದುರಿಗೆ ಕೂರಿಸಿಕೊಂಡು ಕೇಳಲು ಕಂಪನಿಯ ನಿಯಮ ಅವಕಾಶ ಕೊಡುತ್ತಿರಲಿಲ್ಲ. ಫೋಟೊ ನೋಡಿದ ಮೇಲೆ ಕೇಳುವ ಅಗತ್ಯವೇ ಉಳಿಯಲಿಲ್ಲ. ಕೆಲಸ ಇನ್ನೊಬ್ಬರಿಗೆ ಹೋಯಿತು. ಹಾಳೆಯಲ್ಲಿ ನಾವು ಬರೆದ ಕಾರಣ "ಸಂವಹನ ಕೌಶಲ ಸಾಲದು" ಎಂದು. ಅದರ ಕೆಳಗೆ ನನ್ನ ಸಹಿಯೂ ಇದೆ.

ಖಾಸಗಿ ಕಂಪನಿಗಳ ಅರ್ಜಿಯಲ್ಲಿ ಸಾಮಾನ್ಯವಾಗಿ ಜಾತಿಯ ಕಾಲಂ ಇರುವುದಿಲ್ಲ. ಆದರೆ ಮನೆದೇವರ ಜಾತ್ರೆಯ ಫೋಟೊ, ಜಯಂತಿಯ ದಿನ ಹಾಕಿದ ಶುಭಾಶಯ, ಹಬ್ಬದೂಟದ ಎಲೆ, ಸಮುದಾಯ ಭವನದ ಹೆಸರಿರುವ ಲಗ್ನಪತ್ರಿಕೆ, ಇವುಗಳಲ್ಲಿ ಒಂದಿದ್ದರೂ ನೋಡುವ ಕಣ್ಣಿಗೆ ಸಾಕು. ಬಿಯರ್ ಬಾಟಲಿಯ ಫೋಟೊ ಅಳಿಸಿ ಎನ್ನುವ ತರಬೇತುದಾರರು ಮನೆದೇವರನ್ನೂ ಅಳಿಸಿ ಎನ್ನುತ್ತಾರೆಯೇ?

ಖಾತೆಗೆ ಬೀಗ ಹಾಕಬಹುದು, ನಿಜ. ಫೇಸ್‌ಬುಕ್ 2020ರಲ್ಲಿ ಆ ಸೌಲಭ್ಯವನ್ನು ಭಾರತದವರಿಗೆ ಕೊಟ್ಟಿತು. ಆದರೆ ಗೆಳೆಯರು ತಮ್ಮ ಖಾತೆಯಲ್ಲಿ ಹಾಕಿದ ನಿಮ್ಮ ಫೋಟೊಗೆ ನಿಮ್ಮ ಬೀಗ ತಾಗುವುದಿಲ್ಲ. ರೆಸ್ಯೂಮೆಯಲ್ಲಿ ಮೊಬೈಲ್ ಸಂಖ್ಯೆಯಂತೂ ಇದ್ದೇ ಇರುತ್ತದೆ. ಎಲ್ಲರಿಗೂ ಕಾಣುವಂತೆ ಬಿಟ್ಟಿದ್ದರೆ, ಆ ಸಂಖ್ಯೆ ಉಳಿಸಿಕೊಂಡವರಿಗೆ ನಿಮ್ಮ ವಾಟ್ಸ್‌ಆ್ಯಪ್ ಡಿಪಿಯೂ ಸಿಗುತ್ತದೆ.

ಕಾನೂನು ಎಲ್ಲಿದೆ ಎಂದರೆ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದರ ನಂತರ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಾದರೋ, ವ್ಯಕ್ತಿ ತಾನಾಗಿ ಸಾರ್ವಜನಿಕಗೊಳಿಸಿದ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ, ಮತ್ತು ಅದಕ್ಕೆ ಕಾಯ್ದೆ ಕೊಡುವ ಉದಾಹರಣೆಯೇ ಸಾಮಾಜಿಕ ಜಾಲತಾಣದಲ್ಲಿ ತನ್ನ ಅಭಿಪ್ರಾಯ ಬರೆಯುವ ಮಹಿಳೆ. ಯುರೋಪಿನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರಗಳ ಕಾರ್ಯತಂಡ 2017ರಲ್ಲೇ ಬೇರೆ ದಾರಿ ಹಿಡಿದು, ಖಾತೆ ಎಲ್ಲರಿಗೂ ಕಾಣುವಂತಿದೆ ಎಂಬ ಒಂದೇ ಕಾರಣಕ್ಕೆ ಉದ್ಯೋಗದಾತರು ಅದನ್ನು ಬಳಸುವಂತಿಲ್ಲ ಎಂದಿತ್ತು. ಅಮೆರಿಕದ ಮೇರಿಲ್ಯಾಂಡ್ ರಾಜ್ಯ, ಅಭ್ಯರ್ಥಿಗಳ ಪಾಸ್‌ವರ್ಡ್ ಕೇಳುವುದನ್ನು 2012ರಲ್ಲಿ ನಿಷೇಧಿಸಿತು. ಅದೇ ಅಮೆರಿಕದ ಸರ್ಕಾರ 2025ರ ಡಿಸೆಂಬರ್ 15ರಿಂದ ಎಚ್-1ಬಿ ವೀಸಾ ಕೇಳುವವರಿಗೆ ಖಾತೆಗಳನ್ನು ಸಾರ್ವಜನಿಕವಾಗಿಡಿ ಎನ್ನುತ್ತಿದೆ. ವೀಸಾ ಅಧಿಕಾರಿಗೆಂದು ತೆಗೆದ ಬಾಗಿಲಿನಿಂದ ಇಲ್ಲಿನ ಕಂಪನಿಗಳೂ ಒಳಗೆ ನೋಡಬಹುದು ಎಂಬುದನ್ನು ನಮ್ಮ ಟೆಕ್ಕಿಗಳು ಗಮನಿಸಬೇಕು.

ಖಾತೆ ನೋಡಲೇಬೇಕೆನ್ನುವ ಕಂಪನಿ ಅದನ್ನು ಅರ್ಜಿಯಲ್ಲೇ ಹೇಳಲಿ. ನೋಡುವವರು ಸಂದರ್ಶನ ಸಮಿತಿಯವರಾಗಿರದೆ, ಕೆಲಸಕ್ಕೆ ಸಂಬಂಧಪಟ್ಟಿದ್ದನ್ನಷ್ಟೇ ಸಮಿತಿಗೆ ಬರೆದು ಕೊಡಲಿ. ಖಾತೆಯಲ್ಲಿ ಕಂಡದ್ದರಿಂದಲೇ ಅರ್ಜಿ ತಿರಸ್ಕೃತವಾದರೆ, ಅಭ್ಯರ್ಥಿಗೆ ಅದನ್ನು ತಿಳಿಸಿ ಉತ್ತರಿಸಲು ಅವಕಾಶ ಕೊಡಲಿ. ನಮ್ಮ ಹಾಳೆಯಲ್ಲಿ ನಿಶ್ಚಿತಾರ್ಥದ ವಿಷಯವನ್ನು ಬರೆಯಲೇಬೇಕಾಗಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ. ಆ ಸಹೋದ್ಯೋಗಿಯೂ ಹಾಕುತ್ತಿರಲಿಲ್ಲ.