ಪಾರ್ಕ್ ಇದೆ, ಮರ ಇದೆ, ಆಡೋ ಹಾಗಿಲ್ಲ

ನಮ್ಮ ಚಿಕ್ಕಮಗಳೂರಿನಲ್ಲಿ ಮನೆ ಹತ್ತಿರದ ಪಾರ್ಕಿನ ಗೇಟಿಗೆ ಒಂದು ಬೋರ್ಡ್ ಇದೆ. ಹೂ ಕೀಳಬಾರದು. ಹುಲ್ಲಿನ ಮೇಲೆ ನಡೆಯಬಾರದು. ನಾಯಿ ತರಬಾರದು. ಬೆಂಚಿನ ಮೇಲೆ ಮಲಗಬಾರದು. ಆಟ ಆಡಬಾರದು. ಇಷ್ಟು ಬಾರದುಗಳ ಕೆಳಗೆ ದೊಡ್ಡ ಅಕ್ಷರದಲ್ಲಿ ‘ಸುಸ್ವಾಗತ’.

ಇಷ್ಟಾದರೂ ಒಳಗೆ ಹೋದವರು ಏನು ಮಾಡಬಹುದು? ಸುತ್ತು ಹಾಕಬಹುದು. ಶುಗರ್ ಇರುವವರು, ಬಿಪಿ ಇರುವವರು, ರಿಟೈರ್ ಆಗಿ ಮನೆಯಲ್ಲಿ ಬೈಸಿಕೊಳ್ಳುವವರು ಎಲ್ಲ ಬೆಳಗ್ಗೆ ಇಂಟರ್‌ಲಾಕ್ ಹಾಸಿದ ದಾರಿಯಲ್ಲಿ ಸುತ್ತುತ್ತಾರೆ. ಎಲ್ಲರೂ ಒಂದೇ ದಿಕ್ಕಿಗೆ. ಅಪ್ಪಿತಪ್ಪಿ ಉಲ್ಟಾ ಸುತ್ತಿದಿರೋ, ಎದುರಿಗೆ ಬಂದವರು ನೋಡುವ ನೋಟವೇ ಬೇರೆ. ತಮಾಷೆ ಏನಂದರೆ, ಇಂಥ ಜಾಗಗಳನ್ನು ಕಾಪಾಡೋಕೆ ಅಂತಲೇ ನಮ್ಮ ರಾಜ್ಯದಲ್ಲಿ 1985ರ ಒಂದು ಕಾಯ್ದೆ ಇದೆ. ಅದರ ಹೆಸರಿನಲ್ಲೇ ಉದ್ಯಾನ, ಆಟದ ಬಯಲು, ತೆರೆದ ಜಾಗ ಮೂರೂ ಪಕ್ಕಪಕ್ಕ ಕೂತಿವೆ. ಕಾಗದದಲ್ಲಿ ಜೊತೆಗಿದ್ದವು ನೆಲಕ್ಕೆ ಇಳಿದ ಕೂಡಲೇ ಮಾತು ಬಿಟ್ಟಿವೆ.

ಇಂಥ ಪಾರ್ಕಿಗೆ ನನ್ನ ಅಕ್ಕನ ಮಗ ಒಂದು ಚೀಲ ತುಂಬ ತಟ್ಟೆ ತಂದ. ಬೆಂಗಳೂರಿನಲ್ಲಿ ಕೆಲಸ, ರಜೆಗೆ ಬಂದಿದ್ದ. ‘ಬಾ ಮಾವ, ಡಿಸ್ಕ್ ಗಾಲ್ಫ್ ಆಡೋಣ’ ಅಂದ. ಗಾಲ್ಫ್ ಅಂದರೆ ಕ್ಲಬ್ಬಿನ ಮೆಂಬರ್‌ಗಳು ಬಿಳಿ ಟೋಪಿ ಹಾಕಿಕೊಂಡು ಆಡುವ ಆಟ ಅಂತ ನಾನು ಹಿಂದೆ ಸರಿದೆ. ಅದಲ್ಲ ಇದು. ಕೋಲಿಲ್ಲ, ಚೆಂಡಿಲ್ಲ, ನೆಲದಲ್ಲಿ ಗುಂಡಿಯೂ ಇಲ್ಲ. ಸುಮಾರು 21 ಸೆಂಟಿಮೀಟರ್ ಅಗಲದ, 170-180 ಗ್ರಾಂ ತೂಗುವ ಗಟ್ಟಿ ತಟ್ಟೆ. ಎಸೆದದ್ದು ಎಲ್ಲಿ ಬಿತ್ತೋ ಅಲ್ಲಿಂದ ಮತ್ತೆ ಎಸೆಯಬೇಕು. ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿಗೆ ಬೀಳುವ ತನಕ ಇದೇ ಕೆಲಸ. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು, ಅಷ್ಟೇ.

ಇದರ ಮೊದಲ ಕಾಯಂ ಕೋರ್ಸ್ ಶುರುವಾದದ್ದು 1975ರಲ್ಲಿ, ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಎಂಬ ಪಾರ್ಕಿನಲ್ಲಿ. ಪಾರ್ಕಿನಲ್ಲಿ ಅನ್ನೋದನ್ನ ಸ್ವಲ್ಪ ಗಮನಿಸಿ. ಮಾಡಿದವನು ಎಡ್ ಹೆಡ್ರಿಕ್. ಸರಪಳಿ ಬುಟ್ಟಿಯೂ ಅವನದೇ ತಲೆ. 2002ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಇಷ್ಟದಂತೆ ಬೂದಿಯನ್ನು ಪ್ಲಾಸ್ಟಿಕ್‌ಗೆ ಬೆರೆಸಿ ಡಿಸ್ಕ್‌ಗಳನ್ನೇ ಮಾಡಿದರು. ಸತ್ತ ಮೇಲೂ ಹಾರುತ್ತಿದ್ದಾನೆ ಪುಣ್ಯಾತ್ಮ. ನಮ್ಮಲ್ಲಿ ಹುಟ್ಟಿದ್ದರೆ ಅವನದೊಂದು ಪ್ರತಿಮೆ ಮಾಡಿ, ತಟ್ಟೆ ಹಾರುವ ದಾರಿಗೆ ಸರಿಯಾಗಿ ಅಡ್ಡ ನಿಲ್ಲಿಸಿ, ಸುತ್ತ ಗ್ರಿಲ್ ಹಾಕಿ, ಬೀಗ ಜಡಿದು, ಬೀಗದ ಕೈ ಯಾರ ಹತ್ತಿರ ಇದೆ ಅಂತ ಜಯಂತಿಯ ದಿನ ಹುಡುಕುತ್ತಿದ್ದೆವು.

ಬಯಲಿನ ಕೋರ್ಸ್‌ನಲ್ಲಿ ತೋಳಿನ ಬಲ ಬೇಕಂತೆ. ಮರಗಳ ನಡುವಿನ ಸಣ್ಣ ಕೋರ್ಸ್‌ನಲ್ಲಿ ಬಲ ಇದ್ದವನೇ ಕೆಡುವುದು. ಐವತ್ತು ಅರವತ್ತು ಮೀಟರ್ ದೂರ, ಬುಟ್ಟಿ ಕಣ್ಣಿಗೆ ಕಾಣುತ್ತಿರುತ್ತದೆ, ನಡುವೆ ಒಂದು ಸಿಲ್ವರ್ ಮರ, ಒಂದು ನೇರಳೆ, ಅದರಾಚೆ ಎರಡು ಹೊಂಗೆ. ಬಲಗೈಯವನು ಎದೆಗೆ ಅಡ್ಡವಾಗಿ ಎಳೆದು ಬಿಟ್ಟರೆ ತಟ್ಟೆ ವೇಗ ಕಳೆದುಕೊಳ್ಳುತ್ತಾ ಕೊನೆಗೆ ಎಡಕ್ಕೆ ವಾಲುತ್ತದೆ. ಆ ವಾಲುವಿಕೆಯನ್ನು ಮೊದಲೇ ಲೆಕ್ಕ ಹಾಕಿ, ಸಿಲ್ವರ್ ಮತ್ತು ನೇರಳೆಯ ಸಂದಿಯಲ್ಲಿ ತೂರಿಸಿ, ಹೊಂಗೆಯ ಬೆನ್ನಿಗೆ ತಾಗದ ಹಾಗೆ ಇಳಿಸಬೇಕು. ದೂರ ಹಾರುವ ಡ್ರೈವರ್ ಡಿಸ್ಕ್ ಚೀಲದಲ್ಲೇ ಇರಲಿ, ಇಲ್ಲಿ ಮೆತ್ತಗೆ ನೇರ ಹೋಗುವ ಪಟರ್‌ಗೇ ಬೆಲೆ. ಜೋರಾಗಿ ಎಸೆದು ಕಾಂಡಕ್ಕೆ ಬಡಿದರೆ ಎಸೆದವನ ಕಾಲ ಬುಡಕ್ಕೇ ವಾಪಸ್. ಅಂದರೆ ಮರ ಇಲ್ಲದಿದ್ದರೆ ಆಟವೇ ಇಲ್ಲ. ಇದು ನನಗೆ ಬಹಳ ಹಿಡಿಸಿತು. ಮರವನ್ನು ಅಡ್ಡಿ ಅಂತ ಒಪ್ಪಿಕೊಂಡು, ಅಡ್ಡಿಯಾಗಿರುವುದಕ್ಕೇ ಅದನ್ನು ಉಳಿಸಿಕೊಳ್ಳುವ ಜನ ಇದ್ದಾರಲ್ಲ!

ನಮ್ಮ ಪಾರ್ಕಿನಲ್ಲಿ ಮರದ ಜೊತೆ ಬೇರೆ ಅಡ್ಡಿಗಳೂ ಧಾರಾಳವಾಗಿವೆ. ನೀರು ಬಾರದ ಕಾರಂಜಿ. ಪೆಡಲ್ ಇಲ್ಲದ ಓಪನ್ ಜಿಮ್ ಸೈಕಲ್. ಕುತ್ತಿಗೆ ಮುರಿದ ಸಿಮೆಂಟ್ ಜಿರಾಫೆ. ಯಾವುದೋ ಕಟ್ಟಡದ ಅಡಿಗಲ್ಲು ಕೂಡ ಇದೆ, ಕಟ್ಟಡ ಮಾತ್ರ ಇಲ್ಲ. ಆ ಕಲ್ಲಿನ ಮೇಲೆ ‘ಘನ ಉಪಸ್ಥಿತಿ’ಯಲ್ಲಿದ್ದವರ ಹೆಸರು ಎಷ್ಟಿವೆ ಅಂದರೆ, ಅಷ್ಟೂ ಜನ ಒಂದೊಂದು ಇಟ್ಟಿಗೆ ತಂದಿದ್ದರೂ ಗೋಡೆ ಎದ್ದಿರುತ್ತಿತ್ತು. ಇವೆಲ್ಲದರ ನಡುವೆ ಒಂದು ಪೆಂಗ್ವಿನ್ ಕಸದ ಡಬ್ಬಿ ಬಾಯಿ ತೆರೆದು ನಿಂತಿದೆ. ನಮಗೆ ಬುಟ್ಟಿ ಇರಲಿಲ್ಲವಲ್ಲ, ಅದನ್ನೇ ಗುರಿ ಮಾಡಿಕೊಂಡೆವು. ಇದೇನೂ ಅವಮಾನವಲ್ಲ. ಹೆಡ್ರಿಕ್ ಬುಟ್ಟಿ ಬರುವ ಮುಂಚೆ ಅಮೆರಿಕದವರೂ ಮರ, ಕಂಬ, ಕಸದ ಡಬ್ಬಿಗೆ ಗುರಿ ಇಟ್ಟೇ ಆಡುತ್ತಿದ್ದರು. ಆ ಪೆಂಗ್ವಿನ್ ಬಾಯಿಗೆ ಬಿದ್ದ ಮೊದಲ ವಸ್ತು ನಮ್ಮ ತಟ್ಟೆಯೇ ಇರಬೇಕು. ಕಸವೆಲ್ಲ ಅದರ ಸುತ್ತ ಬಿದ್ದಿತ್ತು.

ಅಷ್ಟರಲ್ಲಿ ಸೀಟಿ. ವಾಚ್‌ಮನ್ ಬಂದ.

‘ಏನ್ ಸಾರ್ ಇದು, ಉಣ್ಣೋ ತಟ್ಟೇನ ಹಿಂಗೆ ಎಸೆದಾಡ್ತಿದೀರ?’

‘ಉಣ್ಣೋದಲ್ಲಪ್ಪ, ಆಡೋದು.’

‘ಆಡೋದಾದ್ರೆ ಆಡಂಗಿಲ್ಲ. ಬೋರ್ಡ್ ಓದ್ಲಿಲ್ವಾ?’ ಅಂದವನು ತಟ್ಟೆ ತಿರುಗಿಸಿ ನೋಡಿದ. ‘ಇದು ಪ್ಲಾಸ್ಟಿಕ್ ಅಲ್ವಾ? ಪ್ಲಾಸ್ಟಿಕ್ ತಟ್ಟೆ ಬ್ಯಾನ್ ಆಗೈತೆ.’

ಅವನು ಹೇಳಿದ್ದು ತೆಗೆದುಹಾಕುವ ಮಾತಲ್ಲ. 2016ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ ಎಲ್ಲ ನಿಷೇಧ ಮಾಡಿತು. ಅದೇ ಆದೇಶದಲ್ಲಿ ಫ್ಲೆಕ್ಸ್ ಮತ್ತು ಬ್ಯಾನರ್ ಕೂಡ ಇವೆ. ಅವನು ಈ ಮಾತು ಹೇಳುತ್ತಾ ನಿಂತಿದ್ದ ಹೊಂಗೆ ಮರಕ್ಕೆ ಒಬ್ಬ ಯುವನಾಯಕರ ಹುಟ್ಟುಹಬ್ಬದ ಫ್ಲೆಕ್ಸ್ ಮೊಳೆ ಹೊಡೆದು ನೇತು ಹಾಕಿದ್ದರು. ನಾಯಕರು ಕೈ ಮುಗಿದು ನಗುತ್ತಿದ್ದರು. ನಾನು ಮೇಲೆ ಕೈ ತೋರಿಸಿದೆ. ‘ಅದನ್ನ ಎಸೆಯಲ್ಲವಲ್ಲ ಸಾರ್’ ಅಂದ. ಇದಕ್ಕೆ ಏನು ಉತ್ತರ ಕೊಡ್ತೀರಿ?

ಅಕ್ಕನ ಮಗ ಆಮೇಲೆ ಆಟದ ಇನ್ನೊಂದು ನಿಯಮ ಹೇಳಿದ. ಕೊಂಬೆ ಅಡ್ಡ ಇದೆ ಅಂತ ಮುರಿಯುವ ಹಾಗಿಲ್ಲ. ಪೊದೆಯೊಳಗೆ ಬಿದ್ದಿದ್ದರೂ, ಗಿಡ ಆದಷ್ಟು ಕಡಿಮೆ ಅಲ್ಲಾಡುವ ಹಾಗೆ ನಿಂತು ಎಸೆಯಬೇಕು. ಮೀರಿದರೆ ಪೆನಾಲ್ಟಿ ಎಸೆತ ಲೆಕ್ಕಕ್ಕೆ ಸೇರುತ್ತದೆ. ಸಾಮಾನ್ಯವಾಗಿ ಅಂಪೈರ್ ಅಂತ ಯಾರೂ ಇರುವುದಿಲ್ಲ, ಆಟಗಾರರೇ ಒಬ್ಬರದೊಬ್ಬರು ನೋಡಿಕೊಂಡು ಬರೆದುಕೊಳ್ಳುತ್ತಾರೆ. ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ಶುರುವಾದದ್ದು 1976ರಲ್ಲಿ. ಕರ್ನಾಟಕದ ವೃಕ್ಷ ಸಂರಕ್ಷಣಾ ಕಾಯ್ದೆಯೂ 1976ರದೇ. ಎರಡಕ್ಕೂ ಒಂದೇ ವಯಸ್ಸು, ಬೆಳೆದ ಮನೆ ಮಾತ್ರ ಬೇರೆ.

ಆ ಸ್ಕೋರ್ ಕಾರ್ಡ್ ಒಂದು ವಾರ ನಮ್ಮ ಊರಿಗೆ ಕೊಟ್ಟು ನೋಡಿ. ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುತ್ತದೆ ಅಂತ ಅರ್ಧ ಮರ ಸವರಿ, ಉಳಿದರ್ಧ ಒಂದೇ ಕಡೆಗೆ ವಾಲುವ ಹಾಗೆ ಬಿಟ್ಟು ಹೋಗುವವರಿಗೆ ಎಷ್ಟು ಪೆನಾಲ್ಟಿ? ಬುಡದವರೆಗೂ ಸಿಮೆಂಟ್ ಹಾಕಿ, ಬೇರಿಗೆ ಒಂದು ಲೋಟ ನೀರೂ ಇಳಿಯದ ಹಾಗೆ ಮಾಡಿ, ಕಾಂಡಕ್ಕೆ ಸುಣ್ಣ ಕೆಮ್ಮಣ್ಣು ಬಳಿದು ಅಲಂಕಾರ ಮಾಡುವವರಿಗೆ? ನಗು ಬರುವುದು ಯಾಕೆ ಅಂದರೆ ಇದು ಕಾಫಿ ಸೀಮೆ. ಇಲ್ಲಿ ತೋಟದಲ್ಲಿ ಮರಗಸಿ ಮಾಡುವ ಆಳಿಗೆ ಯಾವ ಕೊಂಬೆ ತೆಗೆದರೆ ಯಾವ ಗಿಡದ ಮೇಲೆ ಎಷ್ಟು ಬಿಸಿಲು ಬೀಳುತ್ತದೆ ಅಂತ ಗೊತ್ತು. ನೆರಳು ಜಾಸ್ತಿ ಆದರೂ ಕಷ್ಟ, ಕಡಿಮೆ ಆದರೂ ಕಷ್ಟ ಅನ್ನುವ ಲೆಕ್ಕ ಈ ಜಿಲ್ಲೆಯ ಮಕ್ಕಳಿಗೂ ಗೊತ್ತು. ಅದೇ ಜಿಲ್ಲೆಯ ಪೇಟೆಯೊಳಗೆ ಮರ ಕಂಡರೆ ಮಾತ್ರ ಗರಗಸದ ನೆನಪಾಗುತ್ತದೆ.

ಸರಿ, ಅನುಮತಿ ತಗೊಂಡೇ ಆಡೋಣ ಅಂತ ಒಂದು ಅರ್ಜಿ ಬರೆದುಕೊಂಡು ಕಚೇರಿಗೆ ಹೋದೆ. ಯಾವ ಕಚೇರಿ ಅಂತ ಬೇಡ ಬಿಡಿ. ಸಾಹೇಬರು ಒಳ್ಳೆಯವರು, ಕೂರಿಸಿ ಕಾಫಿ ತರಿಸಿದರು.

‘ಬರೀ ಅನುಮತಿ ಅಂದ್ರೆ ಕಷ್ಟ ಸಾರ್. ಅನುಮತಿಗೆ ಹೆಡ್ ಇರಲ್ಲ. ಪ್ರಾಜೆಕ್ಟ್ ಅನ್ನಿ, ಹೆಡ್ ಇದೆ.’

ಹೆಡ್ ಅಂದರೆ ತಲೆಯಲ್ಲ, ದುಡ್ಡು ಬರುವ ಲೆಕ್ಕದ ಸಾಲು. ನಾನು ಕೇಳಿದ್ದು ಒಂಬತ್ತು ಬುಟ್ಟಿ ನೆಡಲು ಜಾಗ. ಬುಟ್ಟಿಯನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ನಾವೇ ಮಾಡಿಸುತ್ತೇವೆ ಅಂತಲೂ ಹೇಳಿದ್ದೆ. ಸಾಹೇಬರಿಗೆ ಅದು ರುಚಿಸಲಿಲ್ಲ. ಅವರು ಅಲ್ಲೇ ಒಂದು ಹಾಳೆ ತೆಗೆದು ಗುರುತು ಹಾಕತೊಡಗಿದರು. ಮೊದಲು ಕಾಂಪೌಂಡ್. ಆಮೇಲೆ ಕಮಾನು. ಒಂದು ಬುಟ್ಟಿಯಿಂದ ಇನ್ನೊಂದು ಬುಟ್ಟಿಗೆ ಪೇವರ್ಸ್ ಹಾಸಿದ ದಾರಿ, ಎರಡೂ ಕಡೆ ಸ್ಟೀಲ್ ರೇಲಿಂಗ್. ರೇಲಿಂಗ್ ಇದ್ದರೆ ತಟ್ಟೆ ಹೇಗೆ ಹಾರುತ್ತದೆ ಅಂತ ಕೇಳಿದ್ದಕ್ಕೆ ‘ಸೇಫ್ಟಿ ಮುಖ್ಯ’ ಅಂದರು. ಹೈಮಾಸ್ಟ್ ದೀಪ, ಸೆಲ್ಫಿ ಪಾಯಿಂಟ್, ವಿಐಪಿ ಗ್ಯಾಲರಿ. ಟೆಂಡರ್ ಕರೆದರೆ ತಡವಾಗುತ್ತದೆ, ಟೆಂಡರ್ ಇಲ್ಲದೆ ಕೆಲಸ ಕೊಡುವ 4(ಜಿ) ವಿನಾಯಿತಿ ಸಿಗುತ್ತದಾ ನೋಡೋಣ. ಹೆಲಿಪ್ಯಾಡ್ ಒಂದು ಬಿಟ್ಟು ಎಲ್ಲ ಇತ್ತು. ಬುಟ್ಟಿ ಕೊನೆಯ ಸಾಲಿನಲ್ಲಿತ್ತು, ಅದರ ಮುಂದೆ ‘ಹಣ ಉಳಿದಲ್ಲಿ’.

‘ಇಷ್ಟಕ್ಕೆ ಜಾಗ ಎಲ್ಲಿದೆ ಸಾರ್? ಮರಗಳಿವೆಯಲ್ಲ.’

‘ಅದಕ್ಕೇ ಫಸ್ಟ್ ಐಟಂ ಹಾಕಿದೀನಿ ನೋಡಿ, ಸೈಟ್ ಕ್ಲಿಯರೆನ್ಸ್.’

ಈ ಆಟಕ್ಕೆ ಮರವೇ ಬೇಕು, ಮರ ತೆಗೆದರೆ ಮಿಕ್ಕಿದ್ದು ಬರೀ ತಟ್ಟೆ ಎಸೆಯೋದು ಅಂತ ನನಗೆ ತಿಳಿದಷ್ಟು ವಿವರಿಸಿದೆ. ಅವರು ಬಹಳ ಸಹನೆಯಿಂದ ಕೇಳಿಸಿಕೊಂಡು, ಅದಕ್ಕೂ ಪರಿಹಾರ ಹೇಳಿದರು. ಎಲ್‌ಇಡಿ ಮರ! ಕಬ್ಬಿಣದ ಕಾಂಡ, ಪ್ಲಾಸ್ಟಿಕ್ ಎಲೆ, ರಾತ್ರಿ ಬಣ್ಣ ಬದಲಾಗುತ್ತದೆ, ಎಲೆ ಉದುರಲ್ಲ, ಗುಡಿಸುವ ಗೋಜಿಲ್ಲ, ಮೂರು ವರ್ಷ ಗ್ಯಾರಂಟಿ.

‘ಈ ಆಟ ಚೆನ್ನಾಗಿ ಎಲ್ಲಿ ಆಡ್ತಾರೆ?’ ಅಂತ ಕೇಳಿದರು. ಅಮೆರಿಕ ಬಿಟ್ಟರೆ ಫಿನ್ಲೆಂಡ್ ಅಂದೆ. ನಮ್ಮ ರಾಜ್ಯದ ಹತ್ತರಲ್ಲಿ ಒಂದು ಪಾಲೂ ಜನಸಂಖ್ಯೆ ಇಲ್ಲದ ಆ ದೇಶದಲ್ಲಿ ನೂರಾರು ಕೋರ್ಸ್‌ಗಳಿವೆ, ಹೆಚ್ಚಿನವು ಕಾಡಿನ ಮರಗಳ ನಡುವೆ, ಎಷ್ಟೋ ಕಡೆ ದುಡ್ಡು ಕೊಡದೆ ಯಾರು ಬೇಕಾದರೂ ಹೋಗಿ ಆಡಬಹುದು. ಇದನ್ನೆಲ್ಲ ಹೇಳಿದ್ದು ಮರಗಳ ಮೇಲೆ ಕರುಣೆ ಬರಲಿ ಅಂತ. ಸಾಹೇಬರ ಮುಖ ಮಾತ್ರ ಬೇರೆ ಕಾರಣಕ್ಕೆ ಅರಳಿತು. ಹಾಳೆಯ ಮೇಲ್ಭಾಗದಲ್ಲಿ ಜಾಗ ಮಾಡಿಕೊಂಡು ‘ಅಧ್ಯಯನ ಪ್ರವಾಸ’ ಅಂತ ಬರೆದರು. ಸದಸ್ಯರು, ಅಧಿಕಾರಿಗಳು, ಒಬ್ಬ ತಾಂತ್ರಿಕ ಸಲಹೆಗಾರ. ಆಟ ಗೊತ್ತಿರುವ ನಮ್ಮ ಹುಡುಗನನ್ನೂ ಸೇರಿಸಿ ಅಂದಿದ್ದಕ್ಕೆ ಅವನು ಯಾವ ಸಮಿತಿಯಲ್ಲೂ ಇಲ್ಲವಲ್ಲ ಅಂದರು.

‘ಯಾವಾಗ ಹೋಗ್ತಾರೆ ಸಾರ್?’

‘ಡಿಸೆಂಬರ್. ಮಾರ್ಚ್ ಒಳಗೆ ಬಿಲ್ ಆಗಬೇಕು ನೋಡಿ.’

‘ಡಿಸೆಂಬರ್‌ನಲ್ಲಿ ಅಲ್ಲಿ ಹಿಮ ಸಾರ್. ನೆಲವೇ ಕಾಣಲ್ಲ.’

‘ಹಿಮಾನೂ ನೋಡ್ಕೊಂಡು ಬರ್ಲಿ ಬಿಡಿ. ಮರಗಳೇನು, ಇಲ್ಲೇ ಇರ್ತವಲ್ಲ.’

‘ಅವರು ವಾಪಸ್ ಬರೋವರೆಗೂ ಇರ್ತವಾ?’

ಸಾಹೇಬರು ಹಾಳೆ ಮೇಲೆ ಕೆಳಗೆ ನೋಡಿದರು. ‘ಸೈಟ್ ಕ್ಲಿಯರೆನ್ಸ್ ಬೇರೆ ಪ್ಯಾಕೇಜ್ ಸಾರ್. ಅದಕ್ಕೆ ಪ್ರವಾಸ ಬೇಕಾಗಿಲ್ಲ, ನಾಳೆನೇ ಶುರು ಮಾಡಬಹುದು.’